ಡಸ್ಟಿ ಇನ್ ಮೆಂಫಿಸ್: ವರ್ಷಗಟ್ಟಲೆ ಕೇಳಿದ ಮೇಲೆ

ಬ್ರಿಟಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರ ಈ ಸೋಲ್ (ಅಮೆರಿಕದ ಕಪ್ಪು ಗಾಯಕರಿಂದ ಬಂದ ಭಾವಪೂರ್ಣ ಶೈಲಿ) ಆಲ್ಬಂ ಅನ್ನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ಮೊದಲು ಸಿಡಿಯಲ್ಲಿ, ಈಗ ಜಾಸ್ತಿ ಫೋನಿನಲ್ಲೇ. ಇನ್ನೂ ಬೇಸರ ಬಂದಿಲ್ಲ. ಇಲ್ಲಿ ಅವರು ದನಿ ಇಳಿಸಿ ಹಾಡಿದ್ದಾರೆ, ನನಗೆ ಅದೇ ಇಷ್ಟ.

ಅವರ ಹಳೆಯ ಹಾಡು ಕೇಳಿದವರಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತಾಗುತ್ತದೆ. ಲಂಡನ್ನಿನ ಪಾಪ್ ತಾರೆಯಾಗಿದ್ದಾಗ ಹಿಂದೆ ದೊಡ್ಡ ಆರ್ಕೆಸ್ಟ್ರಾ, ಅದನ್ನೂ ಮೀರಿಸುವ ದನಿ. 1966ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ' ಹಾಡಿನ ಕೊನೆಯಲ್ಲಿ ಗಂಟಲು ಬಿಚ್ಚಿ ಅಂಗಲಾಚುತ್ತಾರೆ. ಈ ಆಲ್ಬಂನ 'ಬ್ರೇಕ್‌ಫಾಸ್ಟ್ ಇನ್ ಬೆಡ್'ನಲ್ಲೂ ಅದೇ ಸಾಲು ಬರುತ್ತದೆ. ಆದರೆ ಇಲ್ಲಿ ಅಂಗಲಾಚುವುದಿಲ್ಲ. ನೊಂದು ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳಿದ ಹಾಗಿದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ.

ಧ್ವನಿಮುದ್ರಣ ಸುಲಭವಾಗಿ ಆಗಲಿಲ್ಲ. 1968ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್, ಡಸ್ಟಿಯವರನ್ನು ಅಮೆರಿಕದ ಮೆಂಫಿಸ್ ನಗರದ ಅಮೆರಿಕನ್ ಸೌಂಡ್ ಸ್ಟುಡಿಯೋಗೆ ಕರೆಸಿದರು. ತಾವು ಆರಾಧಿಸುತ್ತಿದ್ದ ಗಾಯಕರು ಹಾಡಿದ ಊರು, ಅಳುಕಾಗದೆ ಇರುತ್ತದಾ? ಮುಖ್ಯ ವಾದ್ಯಗಳು ಮೆಂಫಿಸ್‌ನಲ್ಲಿ ಮುಗಿದವು, ಅಂತಿಮ ಗಾಯನ ನ್ಯೂಯಾರ್ಕಿನಲ್ಲಿ ಆಯಿತು. ಕೇಳುವಾಗ ಮಾತ್ರ ಎಲ್ಲರೂ ಒಂದೇ ಕೋಣೆಯಲ್ಲಿದ್ದಂತಿದೆ. 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಶುರುವಿನಲ್ಲಿ ರೆಜಿ ಯಂಗ್ ಅವರ ಗಿಟಾರ್ ನಾಲ್ಕು ಮಾತಾಡಿ ಪಕ್ಕಕ್ಕೆ ಸರಿಯುತ್ತದೆ. ಡಸ್ಟಿ ಅವಸರ ಮಾಡದೆ ತಾಳದ ಸ್ವಲ್ಪ ಹಿಂದೆಯೇ ನಿಂತು ಹಾಡುತ್ತಾರೆ. ಎಷ್ಟು ಸಲ ಕೇಳಿದರೂ ಆ ಜಾಗ ಬಂದಾಗ ಕೈಲಿದ್ದ ಕೆಲಸ ನಿಲ್ಲುತ್ತದೆ.

ಹನ್ನೊಂದೂ ಹಾಡು ಒಂದೇ ಮಟ್ಟದಲ್ಲಿಲ್ಲ. 'ದಿ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್' ಚೆನ್ನಾಗಿದೆ, ಆದರೆ ಈ ಗುಂಪಿನದ್ದಲ್ಲ ಅನ್ನಿಸುತ್ತದೆ. 'ಇನ್ ದಿ ಲ್ಯಾಂಡ್ ಆಫ್ ಮೇಕ್ ಬಿಲೀವ್' ಅನ್ನು ನಾನು ಈಗಲೂ ದಾಟಿಸಿಬಿಡುತ್ತೇನೆ. ಕೆಲವು ಕಡೆ ವಯಲಿನ್‌ಗಳು ಜಾಸ್ತಿ ಆದವು. ಕ್ಯಾರೋಲ್ ಕಿಂಗ್ ಮತ್ತು ಗೆರ್ರಿ ಗಾಫಿನ್ ಬರೆದ 'ನೋ ಈಸಿ ವೇ ಡೌನ್' ಮಾತ್ರ ವರ್ಷ ಕಳೆದಷ್ಟೂ ಹತ್ತಿರವಾಗಿದೆ.

1969ರಲ್ಲಿ ಬಿಡುಗಡೆಯಾದಾಗ ಆಲ್ಬಂ ಅಷ್ಟಾಗಿ ಮಾರಾಟವಾಗಲಿಲ್ಲ ಅಂದರೆ ನಂಬೋಕೇ ಆಗಲ್ಲ, ಅಲ್ವಾ? ಹೊಸದಾಗಿ ಕೇಳುವವರು ಹೆಚ್ಚುವರಿ ಹಾಡು ಸೇರಿಸಿದ ಆವೃತ್ತಿ ಬಿಟ್ಟು ಮೂಲ ಹನ್ನೊಂದನ್ನೇ ಕೇಳಿ. ಅರ್ಧ ಗಂಟೆ ಮೇಲೆ ಸ್ವಲ್ಪ ಹೊತ್ತು ಸಾಕು. ವಾಲ್ಯೂಮ್ ಕಡಿಮೆ ಇಟ್ಟುಕೊಳ್ಳಿ, ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.