'ಹ್ಯಾಚರಿ ಮೀನು' ಎನ್ನುವವರಿಗೆ ದುಡ್ಡು ಕೊಡುವ ಮೊದಲು ಹ್ಯಾಚರಿಯ ಬಿಲ್ಲು ಕೇಳಿ

ಮೂಡಿಗೆರೆ, ಕಳಸ, ಸಕಲೇಶಪುರ ಕಡೆಯ ಹೋಂಸ್ಟೇಗಳಿಗೆ 'ಪರಿಸರಸ್ನೇಹಿ ಸಮುದ್ರ ಅಕ್ವೇರಿಯಂ' ಹಾಕಿಕೊಡುತ್ತೇನೆ ಎಂದು ಬೆಂಗಳೂರಿನಿಂದ ಒಬ್ಬ ಮಾರಾಟಗಾರ ಬಂದು ಹೋಗುತ್ತಿದ್ದಾನೆ. ದಯವಿಟ್ಟು ಅವನ ಮಾತನ್ನು ನಂಬಬೇಡಿ. ಮೂಡಿಗೆರೆ ತಾಲ್ಲೂಕಿನ ನಮ್ಮ ಹೋಂಸ್ಟೇಯಲ್ಲಿ ಅವನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಲಕ್ಷಕ್ಕೂ ಹೆಚ್ಚು ಹಣ ಹೋಯಿತು, ಅದರ ಸಿಟ್ಟು ಇದ್ದೇ ಇದೆ. ಆದರೆ ಅವನ ಸುಳ್ಳನ್ನು ನನ್ನ ಬಾಯಿಂದ ಅಷ್ಟೊಂದು ಅತಿಥಿಗಳಿಗೆ ಹೇಳಿಸಿದನಲ್ಲ, ಆ ಅವಮಾನ ಹಣದ ನಷ್ಟಕ್ಕಿಂತ ದೊಡ್ಡದು.

ಮೊದಲ ದಿನವೇ ನಾನು ಅವನಿಗೆ ಒಂದು ಷರತ್ತು ಹಾಕಿದ್ದೆ. ಸಮುದ್ರದಿಂದ ಹಿಡಿದು ತಂದ ಮೀನು ನಮ್ಮ ಮನೆಗೆ ಬೇಡ, ಹ್ಯಾಚರಿಯಲ್ಲಿ ಮರಿ ಮಾಡಿಸಿದ್ದು ಮಾತ್ರ ಬೇಕು ಎಂದು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆ ಕೊಳಗಳಿಂದ ಬರುತ್ತವೆ, ಉಪ್ಪುನೀರಿನ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಂಡೆಗಳಿಂದಲೇ ಬರುತ್ತವೆ ಎನ್ನುವುದು ನನಗೆ ಗೊತ್ತಿತ್ತು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಕೆಲವರು ಹವಳದ ಸಂದುಗಳಿಗೆ ಸೋಡಿಯಂ ಸೈನೈಡ್ ದ್ರಾವಣವನ್ನು ಚಿಮ್ಮಿಸಿ, ಮಂಪರು ಹತ್ತಿದ ಮೀನನ್ನು ಹಿಡಿಯುತ್ತಾರೆ. ಅದರಿಂದ ಸುತ್ತಲಿನ ಹವಳ ಸಾಯುತ್ತದೆ, ಹಿಡಿದ ಮೀನುಗಳಲ್ಲೂ ಅನೇಕವು ಕೊಂಡವರ ಮನೆಯಲ್ಲಿ ಕೆಲವು ವಾರಗಳಲ್ಲಿ ಕಾರಣ ತಿಳಿಯದೆ ಸಾಯುತ್ತವೆ. ಇದನ್ನೆಲ್ಲ ಅವನೆದುರು ಕುಳಿತು ಹೇಳಿದ್ದೇನೆ. ಅವನು ತಲೆಯಾಡಿಸಿ, "ಮೇಡಂ, ನಮ್ಮದೆಲ್ಲ ಹ್ಯಾಚರಿ ಮೀನು, ಸಮುದ್ರದ ಒಂದು ಮೀನನ್ನೂ ನಾವು ಮುಟ್ಟಲ್ಲ" ಎಂದ. ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಕ್ಲೌನ್ ಮೀನನ್ನು ಮರಿ ಮಾಡಿಸಿದ್ದಾರೆ ಎಂದೂ ಅವನೇ ಹೇಳಿದ. ಅದು ನಿಜ. ಆ ಒಂದು ನಿಜವನ್ನು ಮುಂದಿಟ್ಟು ಉಳಿದ ಸುಳ್ಳುಗಳನ್ನೆಲ್ಲ ಅದರ ಹಿಂದೆ ಸಾಗಿಸಿದ.

ಸುಮಾರು 400 ಲೀಟರಿನ ಟ್ಯಾಂಕ್, ಒಂದು ಜೋಡಿ ಕ್ಲೌನ್, ಒಂದು ಬ್ಲೂ ಟ್ಯಾಂಗ್, ಕೆಲವು ಡ್ಯಾಮ್ಸೆಲ್, ಕಿಲೋ ಲೆಕ್ಕದಲ್ಲಿ 'ಲೈವ್ ರಾಕ್' ಅಂದರೆ ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಿದ ಕಲ್ಲು, ಜೊತೆಗೆ ನೀರು ತಂಪಾಗಿಸುವ ಚಿಲ್ಲರ್ ಬಂದವು. ಆ ಕಲ್ಲು ಸಿಮೆಂಟಿನಿಂದ ಎರಕ ಹೊಯ್ದು ಬ್ಯಾಕ್ಟೀರಿಯಾ ಬೆಳೆಸಿದ ಕೃತಕ ಕಲ್ಲು ಎಂದು ಅವನು ಹೇಳಿದ್ದ. 'ಈ ಮೀನುಗಳು ಹ್ಯಾಚರಿಯಲ್ಲಿ ಹುಟ್ಟಿದವು, ಸಮುದ್ರದಿಂದ ಹಿಡಿದವಲ್ಲ' ಎಂಬ ಬೋರ್ಡನ್ನೂ ಅವನೇ ಬರೆಸಿ ತಂದು ಗೋಡೆಗೆ ಹಾಕಿದ.

ಕ್ಲೌನ್ ಮೀನುಗಳು ಅವನು ಕೊಟ್ಟ ಪೆಲೆಟ್ (ಒಣ ಗುಳಿಗೆ) ಆಹಾರವನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದವು. ಫೋನ್ ಮಾಡಿದರೆ "ಪ್ರಯಾಣದ ಸುಸ್ತು" ಎಂದ. ಆಮೇಲೆ ಅವುಗಳ ಮೈಮೇಲೆ ದಪ್ಪನೆಯ ಬಿಳಿ ಲೋಳೆ ಕಾಣಿಸಿಕೊಂಡಿತು, ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡತೊಡಗಿದವು. ಆಗ "ನಿಮ್ಮ ನೀರಿನಲ್ಲೇ ದೋಷ" ಎಂದ. ಎರಡೂ ಸತ್ತವು. ಆಗ "ಅರ್ಧ ಬೆಲೆಗೆ ಬೇರೆ ಜೋಡಿ ಕಳಿಸ್ತೀನಿ, ಜೊತೆಗೆ ಸಮುದ್ರ ಕುದುರೆ ಬಂದಿದೆ ಮೇಡಂ, ಗೆಸ್ಟ್‌ಗಳು ಫೋಟೋ ತಗೋತಾರೆ" ಎಂದ. ಮೀನು ಸತ್ತ ದಿನವೇ ಈ ಮಾತು.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿರುವ ಒಬ್ಬ ಹುಡುಗಿ ತನ್ನ ಮನೆಯವರೊಂದಿಗೆ ನಮ್ಮಲ್ಲಿ ಉಳಿಯಲು ಬಂದಾಗ ವಿಷಯ ಬಯಲಾಯಿತು. ಅವಳು ಬೋರ್ಡು ಓದಿದಳು, ಟ್ಯಾಂಕ್ ನೋಡಿದಳು, ಮತ್ತೆ ಬೋರ್ಡು ಓದಿದಳು. ಊಟವಾಗಿ ಎಲ್ಲರೂ ಎದ್ದ ಮೇಲೆ ನನ್ನನ್ನು ಒಬ್ಬಳನ್ನೇ ಕರೆದು, "ಆಂಟಿ, ಈ ಬ್ಲೂ ಟ್ಯಾಂಗ್ ಹ್ಯಾಚರಿಯದ್ದು ಅಂತ ಯಾರು ಹೇಳಿದ್ದು?" ಎಂದು ಕೇಳಿದಳು. ಕ್ಲೌನ್ ಮೀನು ಕಲ್ಲಿಗೆ ಮೊಟ್ಟೆ ಅಂಟಿಸಿ ಗಂಡು ಕಾವಲು ಕಾಯುವುದರಿಂದ ಅದನ್ನು ಮರಿ ಮಾಡಿಸುವುದು ಸಾಧ್ಯವಾಗಿದೆ, ಬ್ಲೂ ಟ್ಯಾಂಗ್ ಮೊಟ್ಟೆಗಳನ್ನು ತೆರೆದ ನೀರಿನಲ್ಲಿ ತೇಲಿಬಿಡುತ್ತದೆ, ಅದರ ಮರಿಗಳು ಅತಿ ಸೂಕ್ಷ್ಮ, ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವು ಮೊದಲ ಬಾರಿಗೆ ಬೆಳೆದದ್ದೇ 2016ರಲ್ಲಿ, ಮಾರುಕಟ್ಟೆಯಲ್ಲಿ ಸಿಗುವುದು ಬಹುತೇಕ ಸಮುದ್ರದಿಂದ ಹಿಡಿದದ್ದೇ ಎಂದು ವಿವರಿಸಿದಳು. ಅದು ಸುಮಾರು 30 ಸೆಂಟಿಮೀಟರ್ ಬೆಳೆಯುವ ಮೀನು, ಈ ಟ್ಯಾಂಕಿಗೆ ಹೊಂದುವುದೇ ಇಲ್ಲ ಎಂದೂ ಹೇಳಿದಳು. ಕ್ಲೌನ್ ಮೀನಿನ ಬಿಳಿ ಲೋಳೆಯ ಕಥೆ ಕೇಳಿ, ಅದು ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯ ರೋಗದ ಲಕ್ಷಣ, ಹೆಚ್ಚಾಗಿ ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಗಳಲ್ಲೇ ಕಾಣುವಂಥದ್ದು, ಹ್ಯಾಚರಿಯ ಮರಿಗಳು ಚಿಕ್ಕಂದಿನಲ್ಲೇ ಪೆಲೆಟ್ ತಿನ್ನಲು ಕಲಿತಿರುತ್ತವೆ, ಸಾಮಾನ್ಯವಾಗಿ ಉಗುಳುವುದಿಲ್ಲ ಎಂದಳು.

ಆಮೇಲೆ ಮೊಬೈಲಿನ ಬೆಳಕನ್ನು ಕಲ್ಲಿನ ಮೇಲೆ ಹಿಡಿದಳು. ಜೇನುಗೂಡಿನ ಕಣ್ಣುಗಳಂತೆ ಒತ್ತೊತ್ತಾಗಿ ಸಣ್ಣ ಬಟ್ಟಲುಗಳು, ಪ್ರತಿ ಬಟ್ಟಲಿನಲ್ಲೂ ಅಂಚಿನಿಂದ ನಡುವಿಗೆ ಸೇರುವ ತೆಳುವಾದ ಗೆರೆಗಳು. "ಆಂಟಿ, ಇದು ಸಿಮೆಂಟ್ ಅಲ್ಲ, ಹವಳ. ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ" ಎಂದಳು. ಅದೇ ಬೆಳಿಗ್ಗೆ ಅವಳ ತಂದೆಗೆ ನಾನು ಬೋರ್ಡು ತೋರಿಸಿ ಹೆಮ್ಮೆಯಿಂದ ವಿವರಿಸಿದ್ದೆ. ಅವರು ಊಟದ ಮೇಜಿನ ಬಳಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಮರುದಿನ ಮಾರಾಟಗಾರನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಮೀನು ಯಾವ ಹ್ಯಾಚರಿಯದು, ಅದರ ಬಿಲ್ಲು ಎಲ್ಲಿ? "ಅದು ಬಿಸಿನೆಸ್ ಸೀಕ್ರೆಟ್ ಮೇಡಂ" ಎಂದ. ಮತ್ತೆ ಕೇಳಿದೆ. "ಸಾರ್ ಇದ್ದಾರಾ? ಅವರ ಹತ್ರ ಮಾತಾಡ್ತೀನಿ" ಎಂದ. ವ್ಯವಹಾರ ಮಾಡಿದವಳು ನಾನು, ಹಣ ಕೊಟ್ಟವಳು ನಾನು, ಲೆಕ್ಕ ಕೇಳಿದಾಗ ಮಾತ್ರ ಅವನಿಗೆ ನಮ್ಮ ಯಜಮಾನರು ಬೇಕಾದರು. ಮೂರನೆಯ ಸಲ ಕೇಳಿದಾಗ, "ನಮ್ಮ ಟ್ಯಾಂಕಲ್ಲಿ ಹದಿನೈದು ದಿನ ಇಟ್ಕೊಂಡು ಊಟ ಹಾಕಿಯೇ ಕಳಿಸೋದು, ಹ್ಯಾಚರಿ ಅಂದ್ರೆ ಅಷ್ಟೇ ಮೇಡಂ" ಎಂದ. ಸಮುದ್ರದಿಂದ ಹಿಡಿದ ಮೀನನ್ನು ಗಾಜಿನ ಡಬ್ಬದಲ್ಲಿ ಹದಿನೈದು ದಿನ ಇಟ್ಟು ಹ್ಯಾಚರಿಯದ್ದು ಎಂದು ಮಾರುವುದು ಯಾವ ನ್ಯಾಯ? ಕಲ್ಲಿನ ವಿಷಯ ಎತ್ತಿದ ಕೂಡಲೇ ಅವನ ಧ್ವನಿ ಬದಲಾಯಿತು. "ದಡದಲ್ಲಿ ಬಿದ್ದಿರೋ ಕಲ್ಲು ಮೇಡಂ. ನೀವೂ ಯಾರಿಗೂ ಹೇಳ್ಬೇಡಿ, ನಾನೂ ಹೇಳಲ್ಲ." ಕಾನೂನು ಅವನಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಈ ಮಾತಿಗಿಂತ ಬೇರೆ ಸಾಕ್ಷಿ ನನಗೆ ಬೇಡ. ಗೊತ್ತಿದ್ದೇ ಅದನ್ನು ನಮ್ಮ ಮನೆಯೊಳಗೆ ತಂದಿಟ್ಟ.

ಇದನ್ನು ಎಲ್ಲರೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಂಡೆ ಕಟ್ಟುವ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ ಎಲ್ಲವನ್ನೂ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಶಿಕ್ಷೆ 3 ವರ್ಷದಿಂದ 7 ವರ್ಷದವರೆಗಿನ ಸೆರೆವಾಸ. ನಾವು ಎಲ್ಲವನ್ನೂ ಬರೆದು, ಅವನ ಸಂದೇಶಗಳ ಪ್ರತಿಯೊಂದಿಗೆ ಆ ಕಲ್ಲುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಿದೆವು.

ಚಿಲ್ಲರ್ ವಿಷಯವನ್ನೂ ಹೇಳಲೇಬೇಕು. ಈ ಮೀನುಗಳಿಗೆ ಬೇಕಾದದ್ದು 25–26 ಡಿಗ್ರಿ ಬಿಸಿಯಿರುವ ನೀರು. ನಮ್ಮ ಮಲೆನಾಡಿನಲ್ಲಿ ವರ್ಷದ ಬಹುಕಾಲ ಬೇಕಾಗುವುದು ಸಣ್ಣದೊಂದು ಹೀಟರ್. ಅವನು 'ಕಡ್ಡಾಯ' ಎಂದು ಹೇಳಿ ಮಾರಿದ್ದು ವಿದ್ಯುತ್ ನುಂಗುವ ಚಿಲ್ಲರ್. ಪರಿಸರಸ್ನೇಹಿಯಂತೆ! ಇನ್ನು ಬದಲಿಸಿದ ನೀರನ್ನು ಎಲ್ಲಿಗೆ ಬಿಡಬೇಕೆಂದು ಕೇಳಿದರೆ "ತೋಟಕ್ಕೆ ಬಿಡಿ, ಮಳೆಗೆ ತೊಳೆದು ಹೋಗುತ್ತೆ" ಎಂದಿದ್ದ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, 40 ಲೀಟರ್ ಚೆಲ್ಲಿದರೆ ಸುಮಾರು 1.4 ಕಿಲೋ ಉಪ್ಪು ಕಾಫಿ, ಮೆಣಸಿನ ಬುಡಕ್ಕೆ ಹೋಗುತ್ತದೆ. ಮಳೆಗೆ ತೊಳೆದರೆ ನಮ್ಮ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ತೋಟ ಮಾಡುವವರಿಗೆ ಕೊಡುವ ಸಲಹೆಯೇ ಇದು?

ಉಪ್ಪುನೀರಿನ ಅಕ್ವೇರಿಯಂ ಯಾರೂ ಇಡಬಾರದು ಎಂದು ನಾನು ಹೇಳುತ್ತಿಲ್ಲ. ಹ್ಯಾಚರಿಯ ಹೆಸರು, ಊರು ಇರುವ ಬಿಲ್ಲು ಇಲ್ಲದೆ ಒಂದು ಮೀನನ್ನೂ ಕೊಳ್ಳಬೇಡಿ. ನಿಮ್ಮ ಕಣ್ಣೆದುರು ಅದು ಪೆಲೆಟ್ ತಿನ್ನಲಿ. ಬ್ಲೂ ಟ್ಯಾಂಗನ್ನು ಹ್ಯಾಚರಿಯದ್ದು ಎಂದವನನ್ನು ಅಲ್ಲಿಂದಲೇ ಕಳಿಸಿ. ಸಮುದ್ರದ ಕಲ್ಲು ಎಷ್ಟು ಚೆಂದವಿದ್ದರೂ ಬೇಡ. ಸೆರಾಮಿಕ್ ಕಲ್ಲು ಹಾಕಿ, ಮೀನಿನ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಕಾದು ಆಮೇಲೆ ಮೀನು ಬಿಡಿ. ಅನುಮಾನವಿದ್ದರೆ ಸಿಎಂಎಫ್‌ಆರ್‌ಐ ಕೇಂದ್ರಗಳು ಮಂಗಳೂರಿನಲ್ಲಿ, ಕಾರವಾರದಲ್ಲಿ ಇವೆ, ಅಲ್ಲಿ ವಿಚಾರಿಸಿ. ಮತ್ತೆ ಹೇಳುತ್ತೇನೆ, ಬಿಲ್ಲು ಕೇಳಿ, ಬಾಯಿಮಾತು ಬೇಡ.

ಅವನು ಈಗಲೂ ನಮ್ಮ ಟ್ಯಾಂಕಿನ ಫೋಟೋ ತೋರಿಸಿ ಬೇರೆಯವರಿಂದ ಮುಂಗಡ ಪಡೆಯುತ್ತಿದ್ದಾನೆಂದು ಪರಿಚಯದವರು ತಿಳಿಸಿದ್ದಾರೆ. ಹಳೆಯ ತೇಗದ ಸ್ಟ್ಯಾಂಡಿನ ಮೇಲಿರುವ ಟ್ಯಾಂಕ್, ಹಿಂದೆ ಕೆಂಪು ಗೋಡೆ ಕಂಡರೆ ಅದು ನಮ್ಮದು, ಅದರಲ್ಲಿ ಕಾಣುವ ಕ್ಲೌನ್ ಮೀನುಗಳು ಸತ್ತು ಹೋಗಿವೆ. ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇವೆ. ಇದೇ ರೀತಿ ಮೋಸ ಹೋದವರು ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಇದ್ದರೆ ಅವನ ಸಂದೇಶಗಳನ್ನು ಅಳಿಸಬೇಡಿ, ಹಣ ಕಳಿಸಿದ ದಾಖಲೆ ಇಟ್ಟುಕೊಳ್ಳಿ, ನನಗೆ ತಿಳಿಸಿ, ಒಟ್ಟಾಗಿ ದೂರು ಕೊಡೋಣ.