ಮನೆಯಂಗಳಕ್ಕೆ ಗುಲ್‌ಮೊಹರೋ, ಹೊಳೆದಾಸವಾಳವೋ?

ನೆರಳಿನೊಂದಿಗೆ ಹೂವೂ ಬೇಕೆನ್ನುವವರು ಸಾಮಾನ್ಯವಾಗಿ ಈ ಎರಡು ಮರಗಳ ನಡುವೆ ಆಯ್ಕೆ ಮಾಡುತ್ತಾರೆ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಬೇಗ ಬೆಳೆದು ಅಗಲವಾಗಿ ನೆರಳು ಹರಡುತ್ತದೆ. ಆದರೆ ಅದರ ಬೇರುಗಳು ನೆಲದ ಮೇಲ್ಪದರದಲ್ಲೇ ಚಾಚಿ ಕಾಂಪೌಂಡ್ ಗೋಡೆಯನ್ನೂ ಅಂಗಳದ ಕಲ್ಲುಹಾಸನ್ನೂ ಎತ್ತಬಲ್ಲವು, ಪೆಡಸಾದ ಕೊಂಬೆಗಳು ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಸುಲಭವಾಗಿ ಮುರಿದು ಬೀಳುತ್ತವೆ. ವಿಶಾಲವಾದ ತೋಟವಿದ್ದವರಿಗೆ ಅದು ಒಪ್ಪುತ್ತದೆ.

ಪಶ್ಚಿಮ ಘಟ್ಟದ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವ ಹೊಳೆದಾಸವಾಳದ ಕಟ್ಟಿಗೆ ಗಟ್ಟಿ, ಹರವು ಕಿರಿದು. ಬೇಸಿಗೆಯಲ್ಲಿ ಕೊಂಬೆಯ ತುದಿಗಳಲ್ಲಿ ನೆಟ್ಟಗೆ ನಿಲ್ಲುವ ಗೊಂಚಲುಗಳಲ್ಲಿ, ಕ್ರೇಪ್ ಬಟ್ಟೆಯಂತೆ ಸುಕ್ಕುಗಟ್ಟಿದ ನೇರಳೆ ಎಸಳುಗಳು ಅರಳುತ್ತವೆ. ಎಲೆಗಳು ಉದುರುವ ಮುನ್ನ ಕೆಂಪಾಗುವ ಸೊಬಗು ಬೇರೆ. ಎಳೆಯ ಗಿಡಕ್ಕೆ ಮಾತ್ರ ಬೇಸಿಗೆಯಲ್ಲಿ ತಪ್ಪದೆ ನೀರುಣಿಸಬೇಕು. 30×40 ಅಡಿಯ ನಿವೇಶನದಲ್ಲಿ ಗುಲ್‌ಮೊಹರ್ ನೆಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಹೊಳೆದಾಸವಾಳವನ್ನು ಕೂಡ ವಿದ್ಯುತ್ ತಂತಿಯಿಂದ ದೂರವಿಟ್ಟೇ ನೆಡಬೇಕು.