ಮಿಡಲ್ ಅರ್ತ್ ಓದುವಾಗ ಪಕ್ಕದಲ್ಲಿ ಯಾವ ಪುಸ್ತಕ ಇರಬೇಕು?

ಇಂಗ್ಲಿಷ್ ಲೇಖಕ ಟೋಲ್ಕಿನ್ ತಮ್ಮ ಕಥೆಗಳಿಗಾಗಿ ಕಲ್ಪಿಸಿದ ಲೋಕ ಮಿಡಲ್ ಅರ್ತ್. ಅದರ ಪುರಾಣದಂಥ ‘ದಿ ಸಿಲ್ಮರಿಲಿಯನ್’ ಕೃತಿಯನ್ನು ನಾನು ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಕಥೆ ಬೇಸರ ತರಿಸಿತೆಂದಲ್ಲ. ಫಿನ್ವೆ, ಫಿಂಗೋಲ್ಫಿನ್, ಫಿನಾರ್ಫಿನ್, ಫಿಂಗಾನ್, ಫಿನ್‌ರಾಡ್ ಎಂದು ಒಂದೇ ವಂಶದ ಹೆಸರುಗಳು ಸಾಲುಗಟ್ಟಿ ಬಂದಾಗ ಯಾರು ಯಾರ ಮಗ ಎಂಬ ಎಳೆಯೇ ಕೈತಪ್ಪುತ್ತಿತ್ತು. ಮೂರನೆಯ ಸಲ ಎರಡು ಆಕರ ಗ್ರಂಥಗಳನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ: ರಾಬರ್ಟ್ ಫಾಸ್ಟರ್ ಅವರ ‘ದಿ ಕಂಪ್ಲೀಟ್ ಗೈಡ್ ಟು ಮಿಡಲ್ ಅರ್ತ್’ ಮತ್ತು ಕರೆನ್ ವಿನ್ ಫಾನ್‌ಸ್ಟಾಡ್ ಅವರ ‘ದಿ ಅಟ್ಲಾಸ್ ಆಫ್ ಮಿಡಲ್ ಅರ್ತ್’. ಮೊಬೈಲಿನಲ್ಲಿ ಅಭಿಮಾನಿಗಳು ಕಟ್ಟಿ ಬೆಳೆಸಿದ ವಿಶ್ವಕೋಶವೂ ಇತ್ತು. ಆಮೇಲೆ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಅನ್ನೂ ಈ ಮೂರರ ಜೊತೆಯಲ್ಲೇ ಮತ್ತೆ ಓದಿದೆ.

ಫಾಸ್ಟರ್ ಅವರದು ಅಕಾರಾದಿ ಕೋಶ. 1971ರಲ್ಲಿ ಮೊದಲು ಬಂದದ್ದು, ‘ಸಿಲ್ಮರಿಲಿಯನ್’ ಪ್ರಕಟವಾದ ಮರುವರ್ಷ, 1978ರಲ್ಲಿ, ವಿಸ್ತಾರಗೊಂಡಿತು. ಹೆಸರು ಯಾವ ಭಾಷೆಯದು, ಅದರ ಅರ್ಥವೇನು, ಆ ವ್ಯಕ್ತಿ ಬದುಕಿದ ಕಾಲ ಯಾವುದು, ಮೂಲದ ಯಾವ ಪುಟದಲ್ಲಿದೆ ಎಂಬುದೆಲ್ಲ ಅಡಕವಾಗಿ ಸಿಗುತ್ತದೆ. ಉತ್ತರಕುಮಾರನಿಗೆ ಅರ್ಜುನ ತನ್ನ ಹತ್ತು ಹೆಸರುಗಳನ್ನು ಹೇಳಿದಂತೆ ‘ಲಾರ್ಡ್ ಆಫ್ ದ ರಿಂಗ್ಸ್’ನ ವೀರ ಅರಗಾರ್ನ್‌ಗೂ ಸ್ಟ್ರೈಡರ್, ಎಸ್ಟೆಲ್, ಥೊರೊಂಗಿಲ್, ಎಲೆಸ್ಸಾರ್ ಎಂದು ಹೆಸರುಗಳ ಮಾಲೆಯೇ ಇದೆ. ಒಂದೊಂದು ಹೆಸರಿಗೂ ಒಂದು ಕಥೆ. ಇಂಥ ಕಡೆ ಫಾಸ್ಟರ್ ಅವರಿಗೆ ಸಾಟಿಯಿಲ್ಲ. ತಾವೂ ಇದನ್ನು ಪದೇ ಪದೇ ಬಳಸಿರುವುದಾಗಿ ಟೋಲ್ಕಿನ್ ಅವರ ಮಗ ಕ್ರಿಸ್ಟೋಫರ್ ಬರೆದಿದ್ದಾರೆ. ನನಗೆ ತೊಡಕಾದದ್ದು ಪುಟಸಂಖ್ಯೆ ಮಾತ್ರ: ನನ್ನ ಬಳಿಯಿರುವ ಮುದ್ರಣಕ್ಕೆ ಅದು ಹೊಂದಲಿಲ್ಲ.

ಆದರೆ ನನ್ನ ಓದನ್ನೇ ಬದಲಿಸಿದ್ದು ಅಟ್ಲಾಸ್. ಫಾನ್‌ಸ್ಟಾಡ್ ಭೂಗೋಳ ಕಲಿತ ನಕ್ಷೆಗಾರ್ತಿ. 1981ರಲ್ಲಿ ಮೊದಲು ಪ್ರಕಟಿಸಿ, 1991ರಲ್ಲಿ ಪರಿಷ್ಕರಿಸಿದರು. ಬೆಟ್ಟಸಾಲು, ಹವಾಮಾನ, ಭಾಷೆಗಳ ಹರವು, ಯುದ್ಧಗಳಲ್ಲಿ ಸೇನೆಗಳು ಸರಿದ ಬಗೆ ಎಲ್ಲಕ್ಕೂ ನಕ್ಷೆಯಿದೆ. ಪಯಣಿಗರು ಯಾವ ತಾರೀಖಿನ ರಾತ್ರಿ ಎಲ್ಲಿ ತಂಗಿದರು ಎಂಬುದನ್ನೂ ಗುರುತಿಸಿದ್ದಾರೆ. ಅರಗಾರ್ನ್, ಲೆಗೊಲಾಸ್, ಗಿಮ್ಲಿ ಮೂವರೂ ದುಷ್ಟ ಸೈನಿಕರಾದ ಓರ್ಕ್‌ಗಳ ಬೆನ್ನುಹತ್ತಿ ನಲವತ್ತೈದು ಲೀಗ್ ಓಡಿದರೆಂದು ತಿಳಿದು ಕುದುರೆ ದಳದ ನಾಯಕ ಎಯೊಮೆರ್ ಬೆರಗಾಗುವ ಪ್ರಸಂಗವನ್ನು ಹಿಂದೆಲ್ಲ ನಾನು ಸುಮ್ಮನೆ ದಾಟಿಬಿಡುತ್ತಿದ್ದೆ. ಒಂದು ಲೀಗ್ ಎಂದರೆ ಮೂರು ಮೈಲಿ. ಒಟ್ಟು 135 ಮೈಲಿ, ಸುಮಾರು 217 ಕಿಲೋಮೀಟರ್, ಅದೂ ನಾಲ್ಕು ದಿನದೊಳಗೆ, ಕಾಲ್ನಡಿಗೆಯಲ್ಲಿ! ಆ ದಾರಿಯ ಮೇಲೆ ಬೆರಳಾಡಿಸಿ ಮತ್ತೆ ಮೂಲಕ್ಕೆ ಮರಳಿದಾಗ ಗಿಮ್ಲಿಯ ದಣಿವು ನನ್ನ ಮೊಣಕಾಲಿಗೇ ಇಳಿದಂತಾಯಿತು. ಮೂಲದಲ್ಲಿ ವಿವರವಿಲ್ಲದ ಕಡೆ ಅವರು ಊಹಿಸಿ ಬರೆದದ್ದೂ ಉಂಟು. ಆ ಊಹೆಗೆ ಕಾರಣವನ್ನು ನಕ್ಷೆಯ ಜೊತೆಗೇ ವಿವರಿಸುವುದರಿಂದ ನಾನು ಅವರನ್ನು ನಂಬುತ್ತೇನೆ.

ಅಂತರ್ಜಾಲದ ವಿಶ್ವಕೋಶಕ್ಕೆ ಒಂದು ದೊಡ್ಡ ಅನುಕೂಲವಿದೆ: ಅದು ನಿಂತ ನೀರಲ್ಲ. ಗೊಂಡೋಲಿನ್‌ನಲ್ಲಿ ಮಡಿದ, ‘ಸಿಲ್ಮರಿಲಿಯನ್’ನ ಎಲ್ಫ್ ವೀರ ಗ್ಲಾರ್ಫಿಂಡೆಲ್ ಮತ್ತು ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಬರುವ ರಿವೆಂಡೆಲ್‌ನ ಗ್ಲಾರ್ಫಿಂಡೆಲ್ ಒಬ್ಬನೇ, ಸತ್ತವನೇ ಮರಳಿ ಬಂದ ಎಂಬ ಟೋಲ್ಕಿನ್ ಅವರ ಕೊನೆಗಾಲದ ಟಿಪ್ಪಣಿ ಅಚ್ಚಾದದ್ದು 1996ರಲ್ಲಿ. 1978ರ ಕೋಶದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಆದರೆ ‘ಸಿಲ್ಮರಿಲಿಯನ್’ನ ದುರಂತ ನಾಯಕ ಟೂರಿನ್ ಯಾವ ಊರಿನವನೆಂದು ನೋಡಲು ಹೋದ ನನಗೆ ಪುಟದ ಬದಿಯ ಚೌಕದಲ್ಲಿ ಅವನ ಹೆಂಡತಿಯ ಹೆಸರೂ ಸಾವಿನ ವರ್ಷವೂ ಒಟ್ಟಿಗೇ ಕಣ್ಣಿಗೆ ಬಿದ್ದವು. ಆ ಅಧ್ಯಾಯದ ಪೆಟ್ಟು ಪೂರ್ತಿಯಾಗಿ ತಾಗಬೇಕಾದದ್ದು ಮೂಲವನ್ನು ಓದುವಾಗ. ಅದನ್ನು ಕಳೆದುಕೊಂಡ ನೋವು ನನಗೆ ಇನ್ನೂ ಇದೆ. ಆದ್ದರಿಂದ ಪುಸ್ತಕ ಮುಗಿಯುವ ತನಕ ಆ ವಿಶ್ವಕೋಶವನ್ನು ತೆರೆಯಬೇಡಿ.

ಒಂದನ್ನೇ ಕೊಳ್ಳುವುದಾದರೆ, ‘ಲಾರ್ಡ್ ಆಫ್ ದ ರಿಂಗ್ಸ್’ ಓದುವವರು ಅಟ್ಲಾಸ್ ಕೊಳ್ಳಲಿ. ‘ಸಿಲ್ಮರಿಲಿಯನ್’ಗೆ ಕೈಹಾಕುವವರಿಗೆ ಫಾಸ್ಟರ್ ಬೇಕೇ ಬೇಕು. ನನ್ನ ಪ್ರತಿಯಲ್ಲಿ ‘ಎಫ್’ ಅಕ್ಷರದ ಪುಟಗಳ ಅಂಚು ಈಗಾಗಲೇ ಮಾಸಿದೆ.